"ವಯಸ್ಸಾಯ್ತಲ್ವಾ" ಅನ್ನುವುದು ಕಾಯಿಲೆಯ ಹೆಸರಲ್ಲ, ಡಾಕ್ಟರೇ

ವಯಸ್ಸಾದವರನ್ನು ನೋಡುವ ಎಲ್ಲ ಡಾಕ್ಟರಿಗೆ, ಆಸ್ಪತ್ರೆ ನಡೆಸುವವರಿಗೆ, ಆರೋಗ್ಯ ಇಲಾಖೆಗಳಲ್ಲಿ ಕೂತು ಯೋಜನೆ ಬರೆಯುವವರಿಗೆ,

ನಮಸ್ಕಾರ.

ಮೂರು ವರ್ಷದಲ್ಲಿ ನಾಲ್ಕು ಜನ ಡಾಕ್ಟರು ನಮಗೆ ಹೇಳಿದ್ದು ಒಂದೇ ಮಾತು. "ವಯಸ್ಸಾಯ್ತಲ್ವಾ." ಒಬ್ಬರು ನಗುತ್ತಾ ಹೇಳಿದರು, ಒಬ್ಬರು ಚೀಟಿ ಬರೆಯುತ್ತಾ ತಲೆ ಎತ್ತದೆ ಹೇಳಿದರು, ಇನ್ನೊಬ್ಬರು ತಮ್ಮ ತಂದೆಯೂ ಹೀಗೇ ಅಂತ ಸಮಾಧಾನ ಮಾಡಿದರು. ನಾಲ್ಕನೆಯವರಿಗೆ ಹೊರಗೆ ಸಾಲು ದೊಡ್ಡದಿತ್ತು. "ಎಪ್ಪತ್ತೆರಡು ಅಂದ್ರೆ ಇನ್ನೇನಮ್ಮಾ, ಮರೆವು ಇದ್ದಿದ್ದೇ" ಅಂದರು.

ನಾನು ಕೇಳಿದ್ದು ಮರೆವಿನ ವಿಷಯವೇ ಆಗಿರಲಿಲ್ಲ. ಅಪ್ಪನಿಗೆ ಆಗ ಹೇಳಿಕೊಳ್ಳುವಂಥ ಮರೆವೇನೂ ಇರಲಿಲ್ಲ. ಅವರಿಗೆ ಮಂಚದ ತುದಿಯಲ್ಲಿ ಒಂದು ಮಗು ಕೂತಿರುವ ಹಾಗೆ ಕಾಣಿಸುತ್ತಿತ್ತು.

ಅಪ್ಪ ಡ್ರಾಫ್ಟ್ಸ್‌ಮನ್ ಆಗಿದ್ದವರು. 34 ವರ್ಷ ಕಟ್ಟಡಗಳ ನಕ್ಷೆ ಬರೆದರು, ಕಂಪ್ಯೂಟರ್ ಬರುವ ಮೊದಲು, ಕೈಯಲ್ಲಿ. ಸ್ಕೇಲ್ ಇಲ್ಲದೆ ನೆಟ್ಟಗೆ ಗೆರೆ ಎಳೆಯುವುದು ಅವರಿಗೊಂದು ಹೆಮ್ಮೆ. ನಾವು ಚಿಕ್ಕವರಿದ್ದಾಗ ಪಂದ್ಯ ಕಟ್ಟಿ ಸೋಲುತ್ತಿದ್ದೆವು. ಅಂಥವರ ಕೈಬರಹ ಇದ್ದಕ್ಕಿದ್ದ ಹಾಗೆ ಸಣ್ಣದಾಗತೊಡಗಿತು. ಸಾಲಿನ ಶುರುವಿನಲ್ಲಿ ದೊಡ್ಡ ಅಕ್ಷರ, ಕೊನೆಗೆ ಬರುವಷ್ಟರಲ್ಲಿ ಇರುವೆ ಸಾಲು. ಆಮೇಲೆ ನಡಿಗೆ ನಿಧಾನವಾಯಿತು. ಒಂದು ದಿನ ಚುರುಕಾಗಿ ಪೇಪರ್ ಓದಿ ನಮ್ಮ ಜೊತೆ ವಾದ ಮಾಡುತ್ತಿದ್ದರು, ಮರುದಿನ ಶರ್ಟಿನ ಗುಂಡಿ ಹಾಕಲು ಬಾರದೆ ಅರ್ಧ ಗಂಟೆ ಸುಮ್ನೆ ಕೂತಿರುತ್ತಿದ್ದರು. ಅಣ್ಣನಿಗೆ ಇದು ನಾಟಕದ ಥರ ಕಂಡಿತು. "ನಿನ್ನೆ ಸರಿ ಇದ್ರಲ್ಲ" ಅಂತ ಅವನು, "ಇವತ್ತು ಸರಿ ಇಲ್ವಲ್ಲ" ಅಂತ ನಾನು. ಈ ಜಗಳದಲ್ಲೇ ಒಂದು ವರ್ಷ ಹೋಯಿತು. ಮಗು ಬಂದದ್ದು ಅದಾದ ಮೇಲೆ. ಅದು ಮಾತಾಡುತ್ತಿರಲಿಲ್ಲ, ತೊಂದರೆ ಕೊಡುತ್ತಿರಲಿಲ್ಲ, ಬೆನ್ನು ಮಾಡಿಕೊಂಡು ಕೂತಿರುತ್ತಿತ್ತು ಅಷ್ಟೇ. "ಯಾರ ಮಗು ಅದು, ಚಳಿಗೆ ಕೂತಿದೆಯಲ್ಲ" ಅಂತ ಅಪ್ಪ ಮೆಲ್ಲಗೆ ಕೇಳಿದ ದಿನ ಅಮ್ಮ ಅಡುಗೆಮನೆಗೆ ಹೋಗಿ ಅತ್ತಳು.

ಇಷ್ಟನ್ನೂ ನಿಮ್ಮಲ್ಲಿ ನಾಲ್ವರಿಗೆ ಹೇಳಿದೆ. ಬಂದ ಉತ್ತರ ಮೇಲೆ ಬರೆದಿದ್ದೇನೆ.

ಕೋಪದಲ್ಲಿ ಬರೆಯುತ್ತಿಲ್ಲ ಅಂದರೆ ಸುಳ್ಳಾಗುತ್ತದೆ. ಸ್ವಲ್ಪ ಕೋಪ ಇದೆ. ಆದರೆ ನಿಮ್ಮನ್ನು ಮಾತ್ರ ಬೈದು ಕೈ ತೊಳೆದುಕೊಳ್ಳುವ ಹಾಗೂ ಇಲ್ಲ. ಯಾಕಂದ್ರೆ ಈ ಮಾತು ನಮ್ಮೆಲ್ಲರ ಬಾಯಲ್ಲೂ ಇದೆ. "ಅರವತ್ತಕ್ಕೆ ಅರಳು ಮರಳು" ಅಂತ ಗಾದೆಯನ್ನೇ ಮಾಡಿಟ್ಟುಕೊಂಡಿದ್ದೇವೆ. ಅರವತ್ತು ತುಂಬಿದವರು ಕನ್ನಡಕ ಎಲ್ಲಿಟ್ಟೆ ಅಂತ ಹುಡುಕಿದರೂ ಅರಳು ಮರಳು, ಹೆಂಡತಿಯನ್ನೇ ಯಾರೋ ಹೊರಗಿನವಳು ಅಂತ ಹೆದರಿ ಬಾಗಿಲು ಹಾಕಿಕೊಂಡರೂ ಅರಳು ಮರಳು. ಎರಡಕ್ಕೂ ಒಂದೇ ಪದ. ಮೊದಲನೆಯದು ಯಾರಿಗೂ ಆಗುತ್ತದೆ. ಎರಡನೆಯದು ಮಿದುಳಿನ ಕಾಯಿಲೆ. ಹೃದಯದ ಕಾಯಿಲೆ, ಕಿಡ್ನಿ ಕಾಯಿಲೆ ಇದ್ದ ಹಾಗೆ ಇದೂ ಒಂದು ಕಾಯಿಲೆ. ನೆನಪು, ಯೋಚನೆ, ನಡವಳಿಕೆ ಕೆಡಿಸುವ ಇಂಥವಕ್ಕೆಲ್ಲ ಸೇರಿ ಡಿಮೆನ್ಷಿಯಾ ಅನ್ನುತ್ತಾರೆ. ವಯಸ್ಸಾದಂತೆ ಹೃದಯದ ಕಾಯಿಲೆಯೂ ಜಾಸ್ತಿ ಅಲ್ವಾ? ಎದೆನೋವು ಅಂತ ಬಂದವರನ್ನು ನೀವು ವಯಸ್ಸಾಯ್ತು ಅಂತ ಮನೆಗೆ ಕಳಿಸುವುದಿಲ್ಲ.

ಜಪಾನಿನಲ್ಲಿ ಡಿಮೆನ್ಷಿಯಾಕ್ಕೆ ಇದ್ದ ಹಳೇ ಪದದಲ್ಲಿ ಪೆದ್ದುತನ ಅನ್ನುವ ಅರ್ಥ ಇತ್ತು. 2004ರಲ್ಲಿ ಅಲ್ಲಿನ ಸರ್ಕಾರ ಅದನ್ನು ಕೈಬಿಟ್ಟು 'ನಿಂಚಿಶೋ' ಅಂತ ಹೊಸ ಪದ ತಂದಿತು. ಅರಿವಿನ ತೊಂದರೆ ಅಂತ ಸುಮಾರಾಗಿ ಅರ್ಥ. ಪದ ಬದಲಾಯಿಸಿದ ತಕ್ಷಣ ಎಲ್ಲ ಸರಿಹೋಗುತ್ತೆ ಅಂತ ನಾನು ನಂಬುವುದಿಲ್ಲ. ಆದರೆ ಪೆದ್ದ ಅನ್ನಿಸಿಕೊಳ್ಳುವ ಭಯ ಇದ್ದವರು ಡಾಕ್ಟರ ಹತ್ತಿರ ಹೋಗುವುದು ಕಷ್ಟ ಅನ್ನುವುದಂತೂ ನಿಜ. ನಮ್ಮಪ್ಪನೇ ಹೋಗಲ್ಲ ಅಂತ ಎಂಟು ತಿಂಗಳು ಹಟ ಹಿಡಿದಿದ್ದರು.

ಇನ್ನೊಂದು ವಿಷಯ ನೋಡಿ, ಓದಿದಾಗ ನನಗೇ ಆಶ್ಚರ್ಯ ಆಯಿತು. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಆಲೋಯ್ಸ್ ಆಲ್‌ಝೈಮರ್ ಅನ್ನುವ ಡಾಕ್ಟರು ಒಬ್ಬ ಹೆಂಗಸನ್ನು ಪರೀಕ್ಷೆ ಮಾಡಿದರು. ಅವಳಿಗೆ 51 ವರ್ಷ. 1906ರಲ್ಲಿ ಅವಳು ತೀರಿಕೊಂಡ ಮೇಲೆ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅಲ್ಲಿನ ಗಂಟುಗಳನ್ನೂ ಜಿಡ್ಡಿನಂಥ ಕಲೆಗಳನ್ನೂ ವಿವರಿಸಿದರು. 1910ರಲ್ಲಿ ಕ್ರೆಪೆಲಿನ್ ಅನ್ನುವ ಮನೋವೈದ್ಯರು ತಮ್ಮ ಪುಸ್ತಕದಲ್ಲಿ ಆ ಕಾಯಿಲೆಗೆ ಆಲ್‌ಝೈಮರ್ ಅವರ ಹೆಸರಿಟ್ಟರು. ಆದರೆ ಆ ಹೆಸರು ಉಳಿದದ್ದು ನಡುವಯಸ್ಸಿನವರಿಗೆ ಬರುವ ಅಪರೂಪದ ಕಾಯಿಲೆಗೆ ಮಾತ್ರ. ಎಪ್ಪತ್ತು ಎಂಬತ್ತರವರಿಗೆ ಅದೇ ಬಂದರೆ ಮುಪ್ಪಿನ ಮರುಳು ಅಂತ ಪಕ್ಕಕ್ಕಿಟ್ಟರು. ಎರಡೂ ಒಂದೇ ಕಾಯಿಲೆ, ಇದು ದೊಡ್ಡ ಸಂಖ್ಯೆಯಲ್ಲಿ ಜನರನ್ನು ಕೊಲ್ಲುತ್ತಿದೆ ಅಂತ ಅಮೆರಿಕದ ನರವೈದ್ಯ ರಾಬರ್ಟ್ ಕಟ್ಸ್‌ಮನ್ ಗಟ್ಟಿಯಾಗಿ ಬರೆದದ್ದು 1976ರಲ್ಲಿ. ಅಂದರೆ ಹೆಸರಿಟ್ಟು 66 ವರ್ಷ ಆದ ಮೇಲೆ. ಅಲ್ಲಿಯವರೆಗೆ ಇಡೀ ವೈದ್ಯ ಲೋಕ ಹೇಳುತ್ತಿದ್ದದ್ದೂ ಅದೇ, "ವಯಸ್ಸಾಯ್ತಲ್ವಾ."

ಅದು ಹಳೇ ಕಥೆ ಅನ್ನಬೇಡಿ. ಡಿಮೆನ್ಷಿಯಾ ಇರುವವರ ಪರವಾಗಿ ಜಗತ್ತಿನಾದ್ಯಂತ ಕೆಲಸ ಮಾಡುವ ಆಲ್‌ಝೈಮರ್ಸ್ ಡಿಸೀಸ್ ಇಂಟರ್‌ನ್ಯಾಷನಲ್ ಸಂಸ್ಥೆ 2024ರಲ್ಲಿ ಒಂದು ಸಮೀಕ್ಷೆಯ ವರದಿ ಕೊಟ್ಟಿತು. ಡಿಮೆನ್ಷಿಯಾ ಅಂದರೆ ಮುಪ್ಪಿನ ಸಹಜ ಭಾಗ ಅಂತ ಸಾಮಾನ್ಯ ಜನರಲ್ಲಿ ನೂರಕ್ಕೆ 80 ಮಂದಿ ಹೇಳಿದರು. ಅವರನ್ನು ಬಿಡಿ. ಆರೋಗ್ಯ ಮತ್ತು ಆರೈಕೆಯ ಕೆಲಸದಲ್ಲೇ ಇರುವವರಲ್ಲಿ ಹಾಗೆ ಹೇಳಿದವರು ನೂರಕ್ಕೆ 65. ಇದನ್ನು ಓದಿದ ದಿನ ನನ್ನ ನಾಲ್ಕು ಡಾಕ್ಟರು ಕೆಟ್ಟವರಲ್ಲ ಅನ್ನಿಸಿತು. ಅವರು ಎಲ್ಲರ ಹಾಗೆ ಇದ್ದರು, ಅಷ್ಟೇ.

ಎಲ್ಲರ ಹಾಗೆ ಇದ್ದರೆ ಏನಾಗುತ್ತೆ ಅಂತ ಹೇಳುತ್ತೇನೆ.

ಅಪ್ಪನಿಗೆ ಮೂತ್ರದ ಸೋಂಕಾಗಿ ಜ್ವರ ಬಂತು. ಒಂದು ಆಸ್ಪತ್ರೆಗೆ ಸೇರಿಸಿದೆವು. ಹಗಲು ಪರವಾಗಿಲ್ಲ, ಅವರೇ ನಡೆದುಕೊಂಡು ವಾರ್ಡಿಗೆ ಹೋದರು. ರಾತ್ರಿ ಎರಡು ಗಂಟೆ ಹೊತ್ತಿಗೆ ಕೈಗೆ ಹಾಕಿದ್ದ ಡ್ರಿಪ್ ಕಿತ್ತು ಕಿಟಕಿ ಹತ್ತಿರ ನಿಂತಿದ್ದರು. ಕೋಣೆಗೆ ನೀರು ನುಗ್ಗುತ್ತಿದೆ, ಮಗುವನ್ನು ಎತ್ತಿಕೋ ಅಂತ ನನ್ನ ಮೇಲೆ ಕೂಗಾಡಿದರು. ಅಷ್ಟು ಜೋರು ದನಿ ನಾನು ಜನ್ಮದಲ್ಲಿ ಅವರಿಂದ ಕೇಳಿರಲಿಲ್ಲ. ಇಡೀ ವಾರ್ಡಿಗೆ ಒಬ್ಬರೇ ನರ್ಸ್, ಪಾಪ ಅವರು ಏನು ಮಾಡಿಯಾರು? ಫೋನ್ ಮಾಡಿದರು, ರಾತ್ರಿ ಪಾಳಿಯ ಡಾಕ್ಟರು ಬಂದರು. ಬಾಗಿಲಲ್ಲೇ ನಿಂತು ನೋಡಿ ಒಂದು ಇಂಜೆಕ್ಷನ್ ಹೇಳಿದರು. ಹ್ಯಾಲೋಪೆರಿಡಾಲ್, ಕೂಗಾಟ ಅಡಗಿಸಲು ಕೊಡುವ ಔಷಧಿ. ಹತ್ತು ನಿಮಿಷದ ಕೆಲಸ. ವಾರ್ಡು ಶಾಂತವಾಯಿತು.

ಬೆಳಗ್ಗೆ ಅಪ್ಪ ಮರದ ಕೊರಡಿನ ಹಾಗೆ ಬಿದ್ದಿದ್ದರು. ಕೈ ಎತ್ತಲು ಹೋದರೆ ಮಡಚುತ್ತಲೇ ಇರಲಿಲ್ಲ. ದವಡೆ ಬಿಗಿದಿತ್ತು. ಚಮಚದಲ್ಲಿ ನೀರು ಹಾಕಿದರೆ ಕೆನ್ನೆಯ ಪಕ್ಕ ಇಳಿಯುತ್ತಿತ್ತು, ಒಳಗೆ ಹೋದದ್ದು ಕೆಮ್ಮಾಗಿ ವಾಪಸ್ ಬರುತ್ತಿತ್ತು. ಕಣ್ಣು ಮಾತ್ರ ತೆರೆದಿತ್ತು. ಹನ್ನೊಂದು ದಿನ ಹಾಗೇ ಇದ್ದರು. ನಡೆದುಕೊಂಡು ಹೋದವರನ್ನು ಗಾಲಿ ಕುರ್ಚಿಯಲ್ಲಿ ಮನೆಗೆ ತಂದೆವು. ಏನಾಯ್ತು ಅಂತ ಕೇಳಿದ್ದಕ್ಕೆ, "ಈ ವಯಸ್ಸಲ್ಲಿ ಸೋಂಕು ಬಂದ್ರೆ ಹೀಗೇ." ಐದನೇ ಸಲ.

ಆರನೆಯ ಡಾಕ್ಟರ ಹತ್ತಿರ ಹೋಗುವಾಗ ನನಗೆ ಏನೂ ಆಸೆ ಇರಲಿಲ್ಲ. ಅವರು ನನ್ನ ಕಡೆ ನೋಡಲೇ ಇಲ್ಲ, ನಾನು ತಂದಿದ್ದ ದಪ್ಪ ಫೈಲನ್ನೂ ಪಕ್ಕಕ್ಕಿಟ್ಟರು. ಮೂಲೆಯಲ್ಲಿ ಕೂತಿದ್ದ ಅಮ್ಮನನ್ನು ಕರೆದು ಕೇಳಿದರು. "ಅಮ್ಮಾ, ಇವರು ನಿದ್ದೆಯಲ್ಲಿ ಕೈಕಾಲು ಬಡೀತಾರಾ? ಕೂಗ್ತಾರಾ?"

ಅಮ್ಮ ಒಂದು ಕ್ಷಣ ನನ್ನ ಮುಖ ನೋಡಿದಳು, ಹೇಳಲೋ ಬೇಡವೋ ಅನ್ನುವ ಹಾಗೆ. ಆಮೇಲೆ, "ಹನ್ನೆರಡು ವರ್ಷ ಆಯ್ತು ಡಾಕ್ಟ್ರೇ, ನಾನು ಬೇರೆ ಮಂಚ ಹಾಕ್ಕೊಂಡು" ಅಂದಳು.

ಹನ್ನೆರಡು ವರ್ಷ. ಆ ಮನೆಯಲ್ಲೇ ಇದ್ದ ನನಗೆ ಇದು ಗೊತ್ತಿರಲಿಲ್ಲ. ಗೊರಕೆ ಜಾಸ್ತಿ ಅಂತ ಬೇರೆ ಮಲಗುತ್ತಾಳೆ ಅಂದುಕೊಂಡಿದ್ದೆ.

ನಿದ್ದೆಯಲ್ಲಿ ಕನಸು ಬೀಳುವ ಹೊತ್ತಿಗೆ ಮಿದುಳು ನಮ್ಮ ಮೈಯನ್ನು ಸಡಿಲ ಬಿಡುತ್ತದೆ. ಅದಕ್ಕೇ ಕನಸಲ್ಲಿ ಓಡಿದರೂ ಹಾಸಿಗೆಯಲ್ಲಿ ಕಾಲು ಓಡುವುದಿಲ್ಲ. ಮಿದುಳಿನ ಬುಡದಲ್ಲಿರುವ ಆ ಸ್ವಿಚ್ ಕೆಟ್ಟರೆ ಕನಸಲ್ಲಿ ಹೊಡೆದಾಡಿದವರು ಪಕ್ಕದಲ್ಲಿದ್ದವರಿಗೇ ಹೊಡೆಯುತ್ತಾರೆ. ಹೀಗೆ ಶುರುವಾಗಿ ಎಷ್ಟೋ ವರ್ಷ ಕಳೆದ ಮೇಲೆ ಕೆಲವರಿಗೆ ಕೈಕಾಲು ನಡುಗಿ ಬಿಗಿಯಾಗುವ ಪಾರ್ಕಿನ್ಸನ್ ಬರುತ್ತದೆ, ಕೆಲವರಿಗೆ ಲೆವಿ ಬಾಡಿ ಡಿಮೆನ್ಷಿಯಾ ಬರುತ್ತದೆ. ನಮ್ಮಪ್ಪನದು ಎರಡನೆಯದು. 1912ರಲ್ಲಿ ಫ್ರೆಡ್ರಿಕ್ ಲೆವಿ ಅನ್ನುವವರು ಪಾರ್ಕಿನ್ಸನ್ ರೋಗಿಗಳ ಮಿದುಳಿನ ಜೀವಕೋಶಗಳೊಳಗೆ ಕಂಡ ಸಣ್ಣ ಉಂಡೆಗಳಿಗೇ ಆ ಹೆಸರು. ಒಂದು ಪ್ರೋಟೀನು ಮುದುಡಿ ಉಂಡೆಯಾಗಿ ಕೂತಿರುತ್ತದೆ. ಇಲ್ಲದ ಮಗು ಕಾಣುವುದು, ಒಂದು ದಿನ ಸರಿ ಇನ್ನೊಂದು ದಿನ ಸರಿಯಿಲ್ಲ, ನಡಿಗೆ ನಿಧಾನ, ನಿದ್ದೆಯಲ್ಲಿ ಒದೆತ. ಈ ನಾಲ್ಕೂ, ಪುಸ್ತಕದಲ್ಲಿ ಬರೆದಿಟ್ಟ ಹಾಗೆ ನಮ್ಮ ಮನೆಯಲ್ಲಿದ್ದವು. ಮರೆವು ಆ ಪಟ್ಟಿಯಲ್ಲಿ ಶುರುವಿಗೆ ಬರಲೇಬೇಕು ಅಂತಿಲ್ಲ.

ಮತ್ತೆ ಆ ಇಂಜೆಕ್ಷನ್. ಲೆವಿ ಬಾಡಿ ಇರುವವರಿಗೆ ಹ್ಯಾಲೋಪೆರಿಡಾಲ್ ಥರದ ಔಷಧಿ ಕೊಟ್ಟರೆ ಹಲವರ ಮೈ ಹೀಗೆ ಸೆಟೆದುಕೊಳ್ಳುತ್ತದೆ, ಜೀವಕ್ಕೂ ಅಪಾಯ ಆಗಬಹುದು ಅಂತ 1992ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಮಾನಸಿಕ ಕಾಯಿಲೆಗೆ ಕೊಡುವ ಈ ಗುಂಪಿನ ಔಷಧಿಗಳನ್ನು ಡಿಮೆನ್ಷಿಯಾ ಇರುವ ವೃದ್ಧರಿಗೆ ಕೊಟ್ಟರೆ ಸಾವಿನ ಅಪಾಯ ಹೆಚ್ಚು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲಿ ಹೊಸ ಔಷಧಿಗಳ ಮೇಲೆ, 2008ರಲ್ಲಿ ಹಳೆಯವುಗಳ ಮೇಲೂ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿದೆ. ರಾತ್ರಿ ಬಂದ ಡಾಕ್ಟರಿಗೆ ಇದು ಗೊತ್ತಿರಲಿಲ್ಲ ಅಂತ ನಾನು ಹೇಳುವುದಿಲ್ಲ. ಅವರಿಗೆ ಗೊತ್ತಿಲ್ಲದೆ ಇದ್ದದ್ದು ಅಪ್ಪನ ಕಾಯಿಲೆಯ ಹೆಸರು. ಯಾಕಂದ್ರೆ ಯಾರೂ ಅದನ್ನು ಬರೆದಿರಲಿಲ್ಲ. ಫೈಲಿನಲ್ಲಿ ಇದ್ದದ್ದು "ವಯೋಸಹಜ" ಅಂತ ಒಂದೇ ಪದ.

ಆ ರಾತ್ರಿ ಅಪ್ಪನಿಗೆ ಆದದ್ದಕ್ಕೂ ಒಂದು ಹೆಸರಿದೆ. ಹಿಂದಿನವರು ಸನ್ನಿ ಅನ್ನುತ್ತಿದ್ದರು, ನೀವು ಡೆಲಿರಿಯಂ ಅನ್ನುತ್ತೀರಿ. ಡಿಮೆನ್ಷಿಯಾ ತಿಂಗಳು, ವರ್ಷಗಳಲ್ಲಿ ಬರುವಂಥದ್ದು, ಇದು ಗಂಟೆಗಳಲ್ಲಿ ಬರುತ್ತದೆ. ನಿನ್ನೆ ಸರಿಯಿದ್ದವರು ಇವತ್ತು ಸಂಜೆ ಬಡಬಡಿಸಿದರೆ ಒಳಗೆ ಏನೋ ಆಗಿದೆ ಅಂತಲೇ ಅರ್ಥ. ಸೋಂಕು, ಮೈಯಲ್ಲಿ ನೀರು ಕಡಿಮೆಯಾಗಿರುವುದು, ಮೂತ್ರ ಕಟ್ಟಿರುವುದು, ನಾಲ್ಕು ದಿನದ ಮಲಬದ್ಧತೆ, ಹೊಸದಾಗಿ ಶುರು ಮಾಡಿದ ಒಂದು ಮಾತ್ರೆ. ಮೊದಲು ಅದನ್ನು ಹುಡುಕಿ ಸರಿ ಮಾಡಬೇಕು. ಕನ್ನಡಕ ಹಾಕಿ, ಕಿವಿ ಮೆಷಿನ್ ಹಾಕಿ, ಪರಿಚಯದವರೊಬ್ಬರು ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡರೆ ಎಷ್ಟೋ ಸಲ ಇಂಜೆಕ್ಷನ್ನೇ ಬೇಕಾಗುವುದಿಲ್ಲ. ನಮ್ಮನ್ನು ಆ ರಾತ್ರಿ ಡಾಕ್ಟರು ಬಂದ ಮೇಲೆ ಹೊರಗೆ ಕಳಿಸಿದ್ದರು. ರೂಲ್ಸ್ ಅಂತೆ.

ಎಲ್ಲರ ಮನೆಯಲ್ಲೂ ಲೆವಿ ಬಾಡಿಯೇ ಇರುತ್ತೆ ಅಂತ ಹೇಳುತ್ತಿಲ್ಲ. ಡಿಮೆನ್ಷಿಯಾದಲ್ಲಿ ನೂರಕ್ಕೆ 60ರಿಂದ 70ರಷ್ಟು ಆಲ್‌ಝೈಮರ್ಸ್. ರಕ್ತನಾಳ ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದೊಂದಿದೆ. ಹಣೆಯ ಹಿಂದಿನ ಭಾಗ ಸವೆದು, ನೆನಪು ಚೆನ್ನಾಗಿದ್ದೂ ಸ್ವಭಾವವೇ ಬದಲಾಗುವುದೊಂದಿದೆ. ಐವತ್ತೈದರ ಸಜ್ಜನರು ಇದ್ದಕ್ಕಿದ್ದ ಹಾಗೆ ಕಂಡಕಂಡವರಿಗೆ ಬೈಯಲು ಶುರು ಮಾಡಿದರೆ ಮನೆಯವರು ಅಹಂಕಾರ ಅಂದುಕೊಳ್ಳುತ್ತಾರೆ, ಮಿದುಳು ಅಂತ ಯಾರಿಗೂ ಹೊಳೆಯುವುದಿಲ್ಲ. ಒಂದೊಂದರ ದಾರಿಯೂ ಬೇರೆ, ಎಚ್ಚರಿಕೆಯೂ ಬೇರೆ. "ಡಿಮೆನ್ಷಿಯಾ" ಅಂತ ಮಾತ್ರ ಬರೆದು ಕಳಿಸುವುದು "ಜ್ವರ" ಅಂತ ಬರೆದು ಕಳಿಸಿದ ಹಾಗೆ.

ಇನ್ನು ಕೆಲವು ಡಿಮೆನ್ಷಿಯಾವೇ ಅಲ್ಲ. ಹೊಟ್ಟೆ ಉರಿಯುವುದು ಇಲ್ಲಿಯೇ. ಬಿ12 ಕಡಿಮೆಯಾದರೆ ತಲೆ ಮಂಕಾಗುತ್ತದೆ, ಥೈರಾಯ್ಡ್ ಕಡಿಮೆಯಾದರೂ ಅಷ್ಟೇ. ಖಿನ್ನತೆ ಇದ್ದರೆ ಏನು ಕೇಳಿದರೂ "ಗೊತ್ತಿಲ್ಲ" ಅಂತ ಕೂರುತ್ತಾರೆ. ಬಚ್ಚಲಲ್ಲಿ ಜಾರಿ ತಲೆಗೆ ಸಣ್ಣ ಏಟಾಗಿ, ಮೂರು ವಾರ ಆದ ಮೇಲೆ ಮಿದುಳಿನ ಮೇಲೆ ರಕ್ತ ನಿಂತು ಗೊಂದಲ ಶುರುವಾಗುತ್ತದೆ. ಅಷ್ಟೊತ್ತಿಗೆ ಬಿದ್ದದ್ದೇ ಎಲ್ಲರಿಗೂ ಮರೆತಿರುತ್ತದೆ. ಅಲರ್ಜಿಗೆ ಅಂತ ಕೊಡುವ ಹಳೇ ಕಾಲದ ನಿದ್ದೆ ಬರಿಸುವ ಮಾತ್ರೆ, ಪದೇ ಪದೇ ಮೂತ್ರಕ್ಕೆ ಹೋಗುವುದನ್ನು ತಡೆಯಲು ಕೊಡುವ ಆಕ್ಸಿಬ್ಯುಟಿನಿನ್, ಇವೂ ಮುದುಕರ ತಲೆ ಕೆಡಿಸುತ್ತವೆ. ಕೆಲವರಿಗೆ ಮಿದುಳೊಳಗಿನ ನೀರು ಇಂಗದೆ ನಿಲ್ಲುತ್ತದೆ. ಕಾಲು ನೆಲಕ್ಕೆ ಅಂಟಿಕೊಂಡ ಹಾಗೆ ನಡಿಗೆ, ಮೂತ್ರ ತಡೆಯಲಾಗದಿರುವುದು, ಮಂಕು, ಮೂರೂ ಒಟ್ಟಿಗೆ. 1965ರಲ್ಲೇ ಸಾಲೊಮನ್ ಹಕೀಂ ಮತ್ತು ಜೊತೆಯವರು ಇದನ್ನು ವಿವರಿಸಿದ್ದಾರೆ. ಸಣ್ಣ ನಳಿಕೆ ಹಾಕಿ ಆ ನೀರು ಇಳಿಸಿದರೆ ಎಷ್ಟೋ ಜನ ಎದ್ದು ಓಡಾಡುತ್ತಾರೆ. ಇವರಲ್ಲಿ ಒಬ್ಬರಿಗೆ ನೀವು "ವಯಸ್ಸಾಯ್ತು" ಅಂದರೆ ವಾಸಿಯಾಗುವ ಕಾಯಿಲೆಯನ್ನು ವಾಸಿಯಾಗದಂತೆ ಮಾಡಿದಿರಿ ಅಂತಾಯಿತು. ಒಂದು ರಕ್ತ ಪರೀಕ್ಷೆ, ಒಂದು ಸ್ಕ್ಯಾನ್, ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ತನ್ನಿ ಅಂತ ಒಂದು ಮಾತು. ಇಷ್ಟೇ ತಾನೇ ಬೇಕಾದದ್ದು?

ಪರೀಕ್ಷೆ ಅಂದಾಗ ನೆನಪಾಯಿತು. ಮೂರನೆಯ ಡಾಕ್ಟರು ಅಪ್ಪನಿಗೆ ನೆನಪಿನ ಪರೀಕ್ಷೆ ಮಾಡಿಸಿದ್ದರು, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. 1975ರಿಂದ ಜಗತ್ತೆಲ್ಲ ಬಳಸುತ್ತಿರುವ 30 ಅಂಕದ ಪ್ರಶ್ನೆ ಪತ್ರಿಕೆ. ಇವತ್ತು ಯಾವ ವಾರ, ಮೂರು ಪದ ಹೇಳುತ್ತೇನೆ ನೆನಪಿಟ್ಟುಕೊಳ್ಳಿ, ನೂರರಿಂದ ಏಳು ಕಳೆಯುತ್ತಾ ಹೋಗಿ. ಅಪ್ಪನಿಗೆ 27 ಬಂತು. "ನಾರ್ಮಲ್" ಅಂತ ಬರೆದರು. ಆ ಪತ್ರಿಕೆಯ ಕೊನೆಯಲ್ಲಿ ಒಂದರೊಳಗೊಂದು ಸ್ವಲ್ಪ ಸೇರಿಕೊಂಡ, ಐದೈದು ಮೂಲೆಯ ಎರಡು ಚಿತ್ರ ಇರುತ್ತದೆ, ನೋಡಿ ಬರೆಯಬೇಕು. ಅಪ್ಪ ಬರೆದದ್ದು ಒಂದು ಚಪ್ಪಟೆ ಚೌಕ, ಅದರಿಂದ ದೂರದಲ್ಲಿ ಮೂರು ಗೆರೆ. ಅದಕ್ಕೆ ಕಳೆದದ್ದು ಒಂದೇ ಅಂಕ, ಯಾಕಂದ್ರೆ ಅದಕ್ಕೆ ಇರುವುದೇ ಒಂದು ಅಂಕ.

34 ವರ್ಷ ನಕ್ಷೆ ಬರೆದ ಕೈ ಅದು. ಅವರು ಆ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು, ಆಮೇಲೆ ಪೆನ್ನನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು. ನನಗೆ ಆ ಪೆನ್ ಇಟ್ಟ ರೀತಿಯಲ್ಲೇ ಎಲ್ಲ ಗೊತ್ತಾಗಿತ್ತು. ಡಾಕ್ಟರು ಅಂಕ ಕೂಡಿಸುತ್ತಿದ್ದರು.

ಆರನೆಯವರು ಗಡಿಯಾರ ಬರೆಸಿದರು. ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಅಂದರು. ಬೇಕೆಂದೇ ಆ ಹೊತ್ತು ಕೊಡುತ್ತಾರಂತೆ, "ಹತ್ತು" ಅಂದ ಕೂಡಲೇ ಎಡವಿದ ಮಿದುಳು ಮುಳ್ಳನ್ನು 10ರ ಮೇಲೆ ಇಟ್ಟುಬಿಡುತ್ತದೆ, 2ರ ಮೇಲೆ ಇಡಬೇಕು ಅಂತ ಹೊಳೆಯುವುದಿಲ್ಲ. ಅಪ್ಪನಿಗೆ ಮುಳ್ಳಿನವರೆಗೆ ಹೋಗಲಿಕ್ಕೇ ಆಗಲಿಲ್ಲ. ಹನ್ನೆರಡೂ ಅಂಕಿಗಳು ಬಲಗಡೆಗೆ ಬಂದು ಗುಡ್ಡೆ ಬಿದ್ದಿದ್ದವು. ಅವರು ಯಾವ ಕೆಲಸದಲ್ಲಿದ್ದರು ಅಂತ ಆ ಡಾಕ್ಟರು ಕೇಳಿದರು. ಹೇಳಿದೆ. ಆ ಕಾಗದವನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದರು.

ಅಂಕ ಬೇಡ ಅನ್ನುತ್ತಿಲ್ಲ. ಅಂಕದ ಆಚೆ ಇರುವ ಮನುಷ್ಯ ನಿನ್ನೆಯವರೆಗೆ ಏನು ಮಾಡಬಲ್ಲವರಾಗಿದ್ದರು ಅಂತ ಒಂದು ಮಾತು ಕೇಳಿ. ಇದರ ಇನ್ನೊಂದು ಮುಖವೂ ಇದೆ. ಜೀವನದಲ್ಲಿ ಪೆನ್ನೇ ಹಿಡಿಯದವರಿಗೆ ಅದೇ ಪತ್ರಿಕೆ ಕೊಟ್ಟರೆ ಕಾಯಿಲೆ ಇಲ್ಲದಿದ್ದರೂ ಫೇಲು. ಮೋಕಾ ಅನ್ನುವ ಇನ್ನೊಂದು ಪರೀಕ್ಷೆಯಲ್ಲಿ 12 ವರ್ಷ ಅಥವಾ ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ಅಂಕ ಸೇರಿಸಿ ಕೊಡುತ್ತಾರೆ. ಒಂದು ಅಂಕ! ಅಕ್ಷರ ಬಾರದವರ ಕಷ್ಟ ಅಷ್ಟರಲ್ಲಿ ತೀರುತ್ತಾ? ಅಂಥವರ ವಿಷಯದಲ್ಲಿ ಮನೆಯವರನ್ನೇ ಕೇಳಬೇಕು. ಚಿಲ್ಲರೆ ಲೆಕ್ಕ ಹಾಕುತ್ತಿದ್ದವರು ಈಗ ಹಾಕುತ್ತಾರಾ, ಒಬ್ಬರೇ ಹೋಗಿ ಬರುತ್ತಿದ್ದ ದಾರಿಯಲ್ಲಿ ಈಗ ತಪ್ಪುತ್ತಾರಾ ಅಂತ.

"ಗೊತ್ತಾಗಿ ಏನು ಪ್ರಯೋಜನ, ಔಷಧಿ ಇಲ್ವಲ್ಲ" ಅಂತ ನಿಮ್ಮಲ್ಲೇ ಕೆಲವರು ಹೇಳುತ್ತೀರಿ. ಪೂರ್ತಿ ವಾಸಿ ಮಾಡುವ ಔಷಧಿ ಇಲ್ಲ, ಒಪ್ಪಿದೆ. ಆಲ್‌ಝೈಮರ್ಸ್‌ಗೆ 1996ರಿಂದ ಇರುವ ಡೊನೆಪೆಝಿಲ್, ಅದೇ ಗುಂಪಿನ ರಿವಾಸ್ಟಿಗ್ಮಿನ್ ಕೆಲವರಿಗೆ ಸ್ವಲ್ಪ ಕಾಲ ಆಸರೆಯಾಗುತ್ತವೆ ಅಷ್ಟೇ. ಆದರೆ ಇದೇ ಮಾತ್ರೆಗಳು ಲೆವಿ ಬಾಡಿಯವರಿಗೆ ಕೆಲವೊಮ್ಮೆ ಇನ್ನೂ ಚೆನ್ನಾಗಿ ಹಿಡಿಯುತ್ತವೆ. ಅಪ್ಪನಿಗೆ ಹಿಡಿಯಿತು. ಎರಡು ತಿಂಗಳಲ್ಲಿ ಮಗು ಬರುವುದು ಕಡಿಮೆಯಾಯಿತು, ಪೇಪರ್ ಮತ್ತೆ ಕೈಗೆ ಬಂತು. ಮೂರು ವರ್ಷ ಮೊದಲೇ ಕೊಡಬಹುದಾಗಿದ್ದ ಮಾತ್ರೆ ಅದು. ಈಗ ಲೆಕಾನೆಮಾಬ್, ಡೊನಾನೆಮಾಬ್ ಅಂತ 2023 ಮತ್ತು 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಹೊಸ ಔಷಧಿಗಳ ಸುದ್ದಿ ಜೋರಾಗಿದೆ. ನನಗೆ ಅದರ ಬಗ್ಗೆ ಅಷ್ಟೇನೂ ಉತ್ಸಾಹ ಇಲ್ಲ. ಕಾಯಿಲೆ ಇಳಿಯುವ ವೇಗ ಸ್ವಲ್ಪ ತಗ್ಗುತ್ತದೆ, ಮಿದುಳಲ್ಲಿ ಬಾವು, ರಕ್ತಸ್ರಾವದ ಅಪಾಯ ಇದೆ. ಅದೂ ಆಲ್‌ಝೈಮರ್ಸ್‌ನ ಶುರುವಿನ ಹಂತದವರಿಗೆ ಮಾತ್ರ. ಆ "ಶುರುವಿನ ಹಂತ" ಅನ್ನುವುದನ್ನು ನೋಡಿ. "ವಯಸ್ಸಾಯ್ತಲ್ವಾ" ಅಂತ ನೀವು ನಾವು ಸೇರಿ ಕಳೆಯುವುದು ಆ ಹಂತವನ್ನೇ.

ಔಷಧಿ ಬಿಡಿ, ಹೆಸರು ಗೊತ್ತಾಗುವುದರಲ್ಲೇ ಒಂದು ಬಿಡುಗಡೆ ಇದೆ. ಆರನೆಯ ಡಾಕ್ಟರು ಅಪ್ಪನಿಗೇ ನೇರವಾಗಿ ಹೇಳಿದರು, ನಮ್ಮನ್ನು ಹೊರಗೆ ಕರೆದು ಪಿಸುಗುಟ್ಟಲಿಲ್ಲ. ಅಪ್ಪ ಕೇಳಿದ ಮೊದಲ ಪ್ರಶ್ನೆ, "ಹಾಗಾದ್ರೆ ನನಗೆ ಹುಚ್ಚು ಹಿಡಿದಿಲ್ಲ ಅಲ್ವಾ?" ಇಲ್ಲ ಅಂದರು. ಎರಡನೆಯದು, "ಆ ಮಗು ನಿಜ ಅಲ್ಲ ಅಲ್ವಾ?" ಅಲ್ಲ, ಕಣ್ಣು ಸರಿಯಾಗೇ ಇದೆ, ಕಂಡದ್ದನ್ನು ಮಿದುಳು ತಪ್ಪಾಗಿ ಓದುತ್ತಿದೆ ಅಂದರು. ಅಪ್ಪ ಸ್ವಲ್ಪ ಯೋಚಿಸಿ, "ಇಲ್ಲ ಅಂತ ಗೊತ್ತಿದ್ರೂ ಕಾಣಿಸುತ್ತೆ, ಸರಿ, ಕೂತಿರಲಿ ಬಿಡಿ" ಅಂದರು. ಆ ಮೂರು ವರ್ಷದಲ್ಲಿ ಅವರು ನಕ್ಕದ್ದು ಅವತ್ತೇ. ಅಣ್ಣ ಮಾತ್ರ ಕಾರಿಡಾರಿನಲ್ಲಿ ಗೋಡೆ ಕಡೆ ಮುಖ ಮಾಡಿ ನಿಂತಿದ್ದ. ನಾಟಕ ಅಂದಿದ್ದನಲ್ಲ.

ಈಗ ಯೋಜನೆ ಬರೆಯುವವರಿಗೆ ಎರಡು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಡಿಮೆನ್ಷಿಯಾ ಇದ್ದವರು 5 ಕೋಟಿ 70 ಲಕ್ಷ, ಪ್ರತಿ ವರ್ಷ ಹೊಸದಾಗಿ ಸೇರುವವರು ಸುಮಾರು 1 ಕೋಟಿ. ಅದೇ ಸಂಸ್ಥೆಯಲ್ಲಿ ಎಲ್ಲ ದೇಶಗಳೂ ಕೂತು 2017ರಲ್ಲಿ ಒಂದು ಯೋಜನೆಗೆ ಒಪ್ಪಿದವು. 2025ರೊಳಗೆ ನೂರಕ್ಕೆ 75 ದೇಶಗಳಲ್ಲಿ ಡಿಮೆನ್ಷಿಯಾಕ್ಕೆ ಅಂತ ನೀತಿ ಇರಬೇಕು, ಕೊನೇ ಪಕ್ಷ ಅರ್ಧದಷ್ಟು ದೇಶಗಳಲ್ಲಿ ಅರ್ಧದಷ್ಟು ಜನರಿಗಾದರೂ ಕಾಯಿಲೆ ಗುರುತಿಸಿರಬೇಕು ಅಂತ. ಅರ್ಧದ ಅರ್ಧ ಅನ್ನುವಂಥ ಸಣ್ಣ ಗುರಿ, ಅದನ್ನೂ ಮುಟ್ಟಲಿಲ್ಲ. ದಾಖಲೆಗಳಲ್ಲಿ ನಮ್ಮ ಅಮ್ಮನಂಥವರನ್ನು "ಅನೌಪಚಾರಿಕ ಆರೈಕೆದಾರರು" ಅಂತ ಬರೆಯುತ್ತೀರಿ. ದಿನಕ್ಕೆ ಸರಾಸರಿ 5 ಗಂಟೆ ಆರೈಕೆ, ಅದರಲ್ಲಿ ನೂರಕ್ಕೆ 70ರಷ್ಟು ಹೆಂಗಸರದ್ದು. ಅಮ್ಮನಿಗೆ ಈ 5 ಗಂಟೆ ಲೆಕ್ಕ ಹೇಳಿದೆ. "ಮಿಕ್ಕಿದ ಹತ್ತೊಂಬತ್ತು ಗಂಟೆ ಯಾರು ನೋಡ್ಕೋತಾರಂತೆ?" ಅಂತ ಕೇಳಿದಳು. ಉತ್ತರ ಗೊತ್ತಿದ್ದರೆ ತಿಳಿಸಿ.

ಡಾಕ್ಟರುಗಳೇ, ನಿಮ್ಮಲ್ಲಿ ಕೇಳಿಕೊಳ್ಳುವುದು ದೊಡ್ಡದೇನಲ್ಲ. ನಿಮಗೆ ಟೈಮ್ ಇಲ್ಲ ಅಂತ ಗೊತ್ತು, ಆ ಬೆಂಚಿನ ಮೇಲೆ ನಾನೂ ಕೂತಿದ್ದೇನೆ. ಫೈಲು ನೋಡುವ ಮೊದಲು ರೋಗಿಯ ಜೊತೆ ಒಂದೇ ಕೋಣೆಯಲ್ಲಿ ಮಲಗುವವರನ್ನು ಎರಡು ಪ್ರಶ್ನೆ ಕೇಳಿ. ಕಿವಿ ಕೇಳಿಸುತ್ತಾ ಅಂತಲೂ ನೋಡಿ. ಕಿವಿ ಮಂದವಾದವರು ಕೂಟದಿಂದ ದೂರವಾಗಿ ಮೂಲೆ ಸೇರುತ್ತಾರೆ. ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಹೇಳಿದ, ಡಿಮೆನ್ಷಿಯಾದ 14 ಅಪಾಯಕಾರಿ ಅಂಶಗಳಲ್ಲಿ ಕಿವುಡೂ ಇದೆ, ಒಂಟಿತನವೂ ಇದೆ. ಈ 14ನ್ನೂ ಸರಿ ಮಾಡಿದರೆ ಜಗತ್ತಿನ ಡಿಮೆನ್ಷಿಯಾದಲ್ಲಿ ನೂರಕ್ಕೆ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಅಂತ ಅವರ ಅಂದಾಜು. ನಿಮಗೆ ಗೊತ್ತಾಗದಿದ್ದರೆ ಗೊತ್ತಾಗುತ್ತಿಲ್ಲ ಅಂತಲೇ ಹೇಳಿ, ಗೊತ್ತಿರುವವರ ಹತ್ತಿರ ಕಳಿಸಿ. ನಾವೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಗೊತ್ತಾದರೆ ಪೂರ್ತಿ ಹೆಸರನ್ನು ಬರೆಯಿರಿ, ಮೊದಲ ಪುಟದಲ್ಲೇ ಬರೆಯಿರಿ, ರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಲ್ಲಿ ಓಡಿ ಬರುವ ಇನ್ನೊಬ್ಬ ಡಾಕ್ಟರಿಗೆ ಕಾಣುವ ಹಾಗೆ.

ಹೋದ ತಿಂಗಳು ಅಪ್ಪನಿಗೆ ಮತ್ತೆ ಜ್ವರ ಬಂತು. ಬೇರೆ ಆಸ್ಪತ್ರೆ, ಬೇರೆ ಡಾಕ್ಟರು. ಫೈಲಿನ ರಟ್ಟಿನ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ದಪ್ಪಕ್ಷರದಲ್ಲಿ "ಲೆವಿ ಬಾಡಿ. ಹ್ಯಾಲೋಪೆರಿಡಾಲ್ ಕೊಡಬೇಡಿ" ಅಂತ ಇತ್ತು. ಅವರು ಅದನ್ನು ಓದಿ, "ಯಾವ ಡಾಕ್ಟರು ಬರೆದದ್ದು ಇದು, ಒಳ್ಳೇದಾಯ್ತು" ಅಂದರು. ಅಮ್ಮ ಏನೂ ಹೇಳಲಿಲ್ಲ, ಸ್ಕೆಚ್ ಪೆನ್ನು ಅವಳ ಚೀಲದಲ್ಲೇ ಇತ್ತು.

ಇಂತಿ,
ಅಪ್ಪನ ಮಗಳು